ಕುತ್ತಿಗೆ ಒಳಗೆ ಹಗ್ಗ ಹೂತೋಗಿರೋ ಹೆಣ್ಣು ನಾಯಿ, ಹತ್ರ ಬಿಟ್ಕೊಳ್ತಿಲ್ಲ, ಏನ್ ಮಾಡ್ಲಿ?

ಜೆರಾಕ್ಸ್_ಅಂಗಡಿ (ಹಾಸನ) · 28 ಜುಲೈ 2025

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ನಂದು ಹಾಸನದ ಹೊರಗಡೆ ಒಂದು ಹೊಸ ಲೇಔಟ್ ಪಕ್ಕ ಜೆರಾಕ್ಸ್ ಅಂಗಡಿ, ಗೋಡೆಗೆ ಅಂಟ್ಕೊಂಡು ಟೀ ಅಂಗಡಿ, ಎದುರಿಗೆಲ್ಲ ಅರ್ಧ ಕಟ್ಟಿರೋ ಮನೆಗಳು. ಒಂದು ವಾರದಿಂದ ಅಂಗಡಿ ಹಿಂದಿನ ಮರಳು ಗುಡ್ಡೆ ಮೇಲೆ ಒಂದು ನಾಯಿ ಬಂದು ಮಲಗ್ತಿದೆ. ಮೊದ್ಲು ಬಂದಿದ್ದು ನಾಯಿ ಅಲ್ಲ, ವಾಸನೆ. ಟೀ ಅಂಗಡಿ ಅಕ್ಕ ಎಲ್ಲೋ ಇಲಿ ಸತ್ತಿರ್ಬೇಕು ಅಂತ ಎರಡು ದಿನ ಫ್ರಿಜ್ ಹಿಂದೆ, ಗ್ಯಾಸ್ ಸಿಲಿಂಡರ್ ಹಿಂದೆ ಎಲ್ಲಾ ಹುಡುಕಿದ್ರು, ಕೊನೆಗೆ ನೋಡಿದ್ರೆ ಇದು.

ಕರೀ ನಾಯಿ ಅಂತ ಹೇಳ್ಬೋದು ಅಷ್ಟೇ, ಯಾಕಂದ್ರೆ ಮೈ ಮೇಲೆ ಕೂದಲೇ ಇಲ್ಲ, ಆನೆ ಚರ್ಮದ ಥರ ಬೂದು ಬಣ್ಣಕ್ಕೆ ಬಂದು ಸುಕ್ಕುಗಟ್ಟಿದೆ. ಪಕ್ಕೆಲುಬು ಎಣಿಸ್ಬೋದು. ಕುತ್ತಿಗೆಯಿಂದ ಒಂದು ನೀಲಿ ನೈಲಾನ್ ಹಗ್ಗ, ಸೆಂಟ್ರಿಂಗ್‌ನೋರು ಮರ ಕಟ್ಟೋಕೆ ಬಳಸ್ತಾರಲ್ಲ ಅದೇ, ಎರಡಡಿ ನೆಲದ ಮೇಲೆ ಎಳ್ಕೊಂಡು ಓಡಾಡುತ್ತೆ. ಆದ್ರೆ ಕುತ್ತಿಗೆ ಸುತ್ತ ಹಗ್ಗ ಕಾಣ್ತಾನೇ ಇಲ್ಲ. ಚರ್ಮ ಅದನ್ನ ನುಂಗ್ಬಿಟ್ಟಿದೆ. ಸುತ್ತ ಕೀವು, ನೊಣ, ಈ ಮಳೇಲಿ ಹುಳಾನೂ ಬಿದ್ದಿದೆ ಅನ್ಸುತ್ತೆ.

ಬನ್ ಎಸೆದ್ರೆ ನಾವು ಒಳಗೆ ಹೋದ್ಮೇಲೆ ಬಂದು ತಿನ್ನುತ್ತೆ. ಹತ್ತಡಿ ಹತ್ರ ಹೋದ್ರೂ ಓಡುತ್ತೆ. ಒಂದೆರಡು ಕಡೆ ಫೋನ್ ಮಾಡ್ದೆ, ಒಬ್ರು ದನಕ್ಕೆ ಮಾತ್ರ ಬರ್ತೀವಿ ಅಂದ್ರು, ಇನ್ನೊಬ್ರು ಹಿಡ್ದಿಟ್ಕೊಳ್ಳಿ ಬರ್ತೀವಿ ಅಂದ್ರು. ಹಿಡಿಯೋಕೆ ಆಗಿದ್ರೆ ನಾನೇ ಕರ್ಕೊಂಡ್ ಹೋಗ್ತಿದ್ನಲ್ಲ ಸ್ವಾಮಿ. ಕತ್ರಿ ತಗೊಂಡು ಹೆಂಗಾದ್ರೂ ಮಾಡಿ ಹಗ್ಗ ಕತ್ತರಿಸ್ಬಿಡ್ಲಾ?

ಹಸು_ಕುರಿ_ನಾಯಿ · 28 ಜುಲೈ

ದಯವಿಟ್ಟು ಕತ್ರಿ ಕೆಳಗಿಡಿ. ನಾನು ವೆಟರ್ನರಿ ಕೊನೇ ವರ್ಷ, ಈ ಥರ ಕೇಸ್ ಎರಡು ನೋಡಿದೀನಿ. ಮರಿ ಇದ್ದಾಗ ಕಟ್ಟಿರ್ತಾರೆ, ನಾಯಿ ಬೆಳೆಯುತ್ತೆ, ಹಗ್ಗ ಬೆಳೆಯಲ್ಲ. ಚರ್ಮದ ಒಳಗೆ ಹೋದ್ಮೇಲೆ ಮಾಂಸ ಅದರ ಸುತ್ತ ಬೆಳ್ಕೊಂಡಿರುತ್ತೆ, ಎಳೆದ್ರೆ ರಕ್ತನಾಳಕ್ಕೆ ಏಟು ಬೀಳ್ಬೋದು. ಅರಿವಳಿಕೆ ಕೊಟ್ಟೇ ತೆಗೀಬೇಕು.

ಹಿಡಿಯೋಕೆ: ದಿನಾ ಒಂದೇ ಟೈಮು, ಒಂದೇ ಜಾಗ, ಒಂದೇ ತಟ್ಟೆ, ಒಬ್ರೇ ಹಾಕಿ. ನಾಲ್ಕೈದು ಜನ ಸುತ್ತುವರೆದು ಅಟ್ಟಾಡಿಸ್ಬೇಡಿ, ಒಂದ್ಸಲ ಹಂಗೆ ಹೆದರಿದ್ರೆ ಆ ಜಾಗಕ್ಕೇ ಬರಲ್ಲ. ಇನ್ನೊಂದು, ಪಾಪ ಅಂತ ಹೊಟ್ಟೆ ಬಿರಿಯೋ ಹಂಗೆ ಹಾಕ್ಬೇಡಿ. ತುಂಬಾ ದಿನ ಉಪವಾಸ ಇದ್ದ ಪ್ರಾಣಿಗೆ ಏಕಾಏಕಿ ಜಾಸ್ತಿ ಅನ್ನ ಬಿದ್ರೆ ರಕ್ತದಲ್ಲಿ ರಂಜಕ, ಪೊಟ್ಯಾಷಿಯಂ ಎಲ್ಲಾ ಕುಸಿದು ಹೃದಯಕ್ಕೇ ತೊಂದ್ರೆ ಆಗ್ಬೋದು. ದಿನಕ್ಕೆ ನಾಲ್ಕು ಸಲ, ಒಂದೊಂದು ಹಿಡಿ. ಬೇಯಿಸಿದ ಮೊಟ್ಟೆ, ಬೇಯಿಸಿದ ಕೋಳಿ, ಮೆತ್ತಗಿನ ಅನ್ನ. ಈರುಳ್ಳಿ ಬೆಳ್ಳುಳ್ಳಿ ಹಾಕಿರೋ ಸಾರು ಬೇಡ.

ಕಿವಿ ತುದಿ ಸ್ವಲ್ಪ ಕತ್ತರಿಸಿರೋ ಗುರ್ತು ಇದ್ಯಾ ನೋಡಿ, ಇದ್ರೆ ಮರಿ ಆಗದಂಗೆ ಮಾಡೋ ಆಪರೇಷನ್ ಆಗಿದೆ ಅಂತ ಅರ್ಥ.

ಬೈಕ್_ಮೇಷ್ಟ್ರು · 28 ಜುಲೈ

ಕಜ್ಜಿಗೆ ಸುಟ್ಟಿರೋ ಇಂಜಿನ್ ಆಯಿಲ್ ಬಳಿದುಬಿಡಿ ಗುರೂ, ಮೂರೇ ದಿನ. ನಮ್ಮ ಗ್ಯಾರೇಜ್ ನಾಯಿಗಳಿಗೆಲ್ಲ ಅದೇ.

ಹಸು_ಕುರಿ_ನಾಯಿ · 28 ಜುಲೈ

ಬಳಿಯೋದು ನೀವು, ನೆಕ್ಕೋದು ನಾಯಿ. ಚರ್ಮ ಸುಡುತ್ತೆ, ಹೊಟ್ಟೆಗೆ ಹೋಗಿ ಲಿವರ್ ಕಿಡ್ನಿ ಹಾಳಾಗುತ್ತೆ. ಸೀಮೆಎಣ್ಣೆ, ಫಿನಾಯಿಲ್ ಯಾವ್ದೂ ಬೇಡ. ಕಜ್ಜಿ ಹುಳ ಇರೋದು ಚರ್ಮದ ಒಳಗೆ, ಆಯಿಲ್ ಪದರದ ಮೇಲಲ್ಲ. ಈಗ ಫ್ಲುರಾಲನರ್ ಅಂತ ಮಾತ್ರೆ ಇದೆ, ಒಂದು ತಿನ್ಸಿದ್ರೆ ಉಣ್ಣಿ, ಚಿಗಟಕ್ಕೆ ಸುಮಾರು ಮೂರು ತಿಂಗಳು ಕೆಲ್ಸ ಮಾಡುತ್ತೆ, ಕಜ್ಜಿ ಹುಳಕ್ಕೂ ಕೊಡ್ತಾರೆ. ದುಡ್ಡು ಜಾಸ್ತಿ ಆದ್ರೆ ಡಾಕ್ಟ್ರನ್ನ ಕೇಳಿ ಐವರ್ಮೆಕ್ಟಿನ್, ಆದ್ರೆ ತೂಕ ನೋಡಿ ಅವ್ರೇ ಹಾಕ್ಬೇಕು, ಕುರಿಗೆ ತಂದಿದ್ದನ್ನ ಅಂದಾಜಲ್ಲಿ ಚುಚ್ಚೋದಲ್ಲ. ಕಾಲಿ (Collie) ಥರದ ಕುರಿ ಕಾಯೋ ತಳಿಗಳಿಗೆ ಅದು ವಿಷ ಇದ್ದಂಗೆ.

ಬೈಕ್_ಮೇಷ್ಟ್ರು · 28 ಜುಲೈ

ಸರಿ ಡಾಕ್ಟ್ರೇ ಬೈಬೇಡಿ

ಹುಬ್ಬಳ್ಳಿ_ಅವ್ವ · 29 ಜುಲೈ

ನಾ ಹನ್ನೊಂದು ವರ್ಷದಿಂದ ನಾಯಿ ಸಾಕ್ಲಿಕತ್ತೇನ್ರಿ ಅಣ್ಣಾವ್ರ, ಎಲ್ಲಾ ಬೀದಿವೇ. ಒಂದ್ ಮಾತ್ ಹೇಳ್ತೀನಿ ಕೇಳ್ರಿ. ಅದರ ಕಡೆ ಮಾರಿ ಮಾಡಿ ಕುಂದರಬ್ಯಾಡ್ರಿ, ಬೆನ್ನ ಕೊಟ್ಟು ಕುಂದರ್ರಿ. ನಾಯಿಗೆ ದಿಟ್ಟಿಸಿ ನೋಡೋದಂದ್ರ ಜಗಳಕ್ಕ ಕರದಂಗ. ಕೈಯಾಗ ಪೇಪರ್ ಹಿಡ್ಕೊಂಡು ಓದಕೋಂತ ಕುಂದರ್ರಿ, ತಿನ್ನೂದನ್ನ ಬೆನ್ನ ಹಿಂದ ಇಡ್ರಿ. ಒಂದ್ ದಿನ ಎಂಟ ಫೂಟ್, ಮರದಿನ ಆರು ಫೂಟ್. ಅದು ಆಕಳಿಸೂದು, ತುಟಿ ನೆಕ್ಕೊಳ್ಳೂದು ಮಾಡಿತಂದ್ರ ನಿದ್ದಿ ಬಂದೈತಿ ಅಂತ ತಿಳ್ಕೋಬ್ಯಾಡ್ರಿ, ಅಂಜಿಕಿ ಅದು, ಅಲ್ಲೇ ನಿಂದರ್ರಿ.

ಹುಳ ಬಿದ್ದದ್ದು ಖರೇ ಇದ್ರ ಭಾಳ ದಿನ ಕಾಯಾಕ ಬರಂಗಿಲ್ಲ ಮತ್ತ. ಮೂರ್ ದಿನ ನೋಡ್ರಿ, ಆಗಲಿಲ್ಲಂದ್ರ ಬಲೆ ಹಾಕಿ ಹಿಡಿಯೋರನ್ನ ಕರಸ್ರಿ.

ಜೆರಾಕ್ಸ್_ಅಂಗಡಿ · 2 ಆಗಸ್ಟ್

ಅಪ್‌ಡೇಟ್. ಸಿಕ್ತು.

ಅವ್ವಾರು ಹೇಳ್ದಂಗೆ ಬೆನ್ನು ಮಾಡಿ ಕೂತೆ, ಪ್ರಜಾವಾಣಿ ಪೂರ್ತಿ ಓದಿದೀನಿ ಮೂರು ದಿನ, ಟೆಂಡರ್ ಜಾಹೀರಾತು ಸಮೇತ. ನಿನ್ನೆ ಬೆಳಿಗ್ಗೆ ನನ್ನ ಬೆನ್ನ ಹಿಂದೆ ಒಂದಡಿಯಲ್ಲಿ ತಿಂತಾ ಇತ್ತು, ಉಸಿರು ಕೇಳ್ತಿತ್ತು. ಟೀ ಅಕ್ಕ ಹಳೇ ಕಂಬಳಿ ಹಾಕಿದ್ರು ಮೇಲಿಂದ, ನಾನು ತಿರುಗಿ ಅಪ್ಪಿ ಹಿಡ್ಕೊಂಡೆ. ಕಿರುಚಾಡ್ಲಿಲ್ಲ ಅದು. ಒಂದ್ಸಲ ನನ್ನ ಎಡಗೈಗೆ ಬಾಯಿ ಹಾಕ್ತು, ಆಮೇಲೆ ಸುಮ್ನೆ ನಡುಗ್ತಾ ಇತ್ತು. ಅಷ್ಟು ಹಗುರ, ಕಂಬಳಿನೇ ಭಾರ ಅನ್ನೋ ಹಂಗೆ. ಆಟೋದವ್ರು ವಾಸನೆಗೆ ಒಪ್ಲಿಲ್ಲ, ತರಕಾರಿ ಗಾಡಿ ಹುಡುಗ ತನ್ನ ಲಗೇಜ್ ಆಟೋಲಿ ಕರ್ಕೊಂಡು ಹೋದ.

ತೂಕ 9 ಕೆಜಿ 200 ಗ್ರಾಂ. ಹಲ್ಲು ನೋಡಿ ಒಂದು ವರ್ಷದ ಹತ್ರ ಹತ್ರ ಅಂದ್ರು. ಇಂಜೆಕ್ಷನ್ ಕೊಟ್ಟು ಮಲಗಿಸಿ ಕುತ್ತಿಗೆ ಸುತ್ತ ಅಲ್ಲಲ್ಲಿ ಉಳಿದಿದ್ದ ಕೂದಲು ಹೆರೆದ್ರು, ಡಾಕ್ಟ್ರು ನಂಗೆ ಟಾರ್ಚ್ ಹಿಡ್ಕೊಳಿ ಅಂದ್ರು. ಗಾಯದ ಒಳಗೆ ಅಕ್ಕಿ ಕುದಿಯೋ ಥರ ಹುಳ ಮಿಸುಕಾಡ್ತಾ ಇತ್ತು. ಔಷಧಿ ಹಾಕಿ ಕಾದು ಇಕ್ಕಳದಲ್ಲಿ ಒಂದೊಂದೇ ತೆಗೆದು ಸ್ಟೀಲ್ ಟ್ರೇಗೆ ಹಾಕ್ತಿದ್ರು, ಎಪ್ಪತ್ತರ ತನಕ ಎಣಿಸ್ದೆ, ಆಮೇಲೆ ಬಿಟ್ಟೆ. ಹಗ್ಗ ತೆಗೆಯೋಕೆ ಅರ್ಧ ಗಂಟೆ. ಎರಡು ಸುತ್ತು ಸುತ್ತಿ ಗಂಟು ಹಾಕಿದ್ರು. ಗಂಟು ಬಿಚ್ಚೋದಿರ್ಲಿ, ಅದರ ಮೇಲೆ ಚರ್ಮ ಬೆಳ್ದಿತ್ತು. ಹೊರಗೆ ಬಂದಾಗ ಹಗ್ಗದ ಉಂಗುರ ನೋಡ್ದೆ, ನನ್ನ ಮುಷ್ಟಿ ಕಷ್ಟಪಟ್ಟು ಹಿಡಿಸ್ಬೋದಿತ್ತು ಅದರಲ್ಲಿ.

ಹೊಲಿಗೆ ಹಾಕ್ಲಿಲ್ಲ, ಸೋಂಕು ಇರೋ ಗಾಯ ಮುಚ್ಚಿದ್ರೆ ಒಳಗೇ ಕೀವು ಕಟ್ಟುತ್ತೆ, ತಾನಾಗೇ ಒಳಗಿಂದ ತುಂಬ್ಕೊಂಡು ಬರ್ಲಿ ಅಂದ್ರು. ದಿನಾ ಎರಡು ಸಲ ಸಲೈನ್‌ನಲ್ಲಿ ತೊಳೆದು ಡ್ರೆಸಿಂಗ್. ಚರ್ಮ ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ರು, ಕಜ್ಜಿ ಹುಳ ಇದೆ. ಕಿವಿ ಅಂಚನ್ನ ಬೆರಳಲ್ಲಿ ಉಜ್ಜಿ ತೋರ್ಸಿದ್ರು, ಮಂಪರಿಂದ ಏಳ್ತಾ ಇರೋ ನಾಯಿ ಹಿಂಗಾಲು ಗಾಳಿಲಿ ಕೆರೆಯೋ ಥರ ಆಡ್ಸ್ತು! ಕಜ್ಜಿ ಇದ್ರೆ ಹಂಗೆ ಆಡ್ಸುತ್ತಂತೆ.

ಮನೇಲಿ ಅಮ್ಮ ಹೊಸ್ತಿಲ ಒಳಗೆ ಬರೋ ಹಂಗಿಲ್ಲ ಅಂದಿದಾರೆ. ಹಿತ್ತಲಲ್ಲಿ ಹಳೇ ಕೊಟ್ಟಿಗೆ ಖಾಲಿ ಇದೆ, ಹಸು ಮಾರಿ ನಾಲ್ಕು ವರ್ಷ ಆಯ್ತು, ಅಲ್ಲಿ ಗೋಣಿಚೀಲ ಹಾಸಿ ಮಲಗಿಸಿದೀನಿ.

ಹಸು_ಕುರಿ_ನಾಯಿ · 2 ಆಗಸ್ಟ್

ನಾಯಿ ಆಮೇಲೆ. ನಿಮ್ಮ ಕೈ?? ರಕ್ತ ಬಂತಾ?

ಜೆರಾಕ್ಸ್_ಅಂಗಡಿ · 2 ಆಗಸ್ಟ್

ಚೂರು ಬಂತು. ಅಮ್ಮ ಅರಿಶಿನ ಹಚ್ಚಿದ್ರು

ಹಸು_ಕುರಿ_ನಾಯಿ · 2 ಆಗಸ್ಟ್

ಅರಿಶಿನ, ಕಾಫಿಪುಡಿ, ಸುಣ್ಣ ಯಾವ್ದೂ ಅಲ್ಲ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀರಿ, ಈಗ ತಡ ಆಗಿದ್ರೂ ತೊಳೀರಿ, ಓದೋದು ನಿಲ್ಸಿ ಆಸ್ಪತ್ರೆಗೆ ಹೋಗಿ. ಹಲ್ಲು ಚರ್ಮ ಒಳಗೆ ಇಳಿದು ರಕ್ತ ಬಂದಿದ್ರೆ ಬರೀ ರೇಬಿಸ್ ವ್ಯಾಕ್ಸಿನ್ ಸಾಲಲ್ಲ, ಗಾಯದ ಸುತ್ತ ಸೀರಮ್ (ರೇಬಿಸ್ ತಡೆಯೋ ರೆಡಿ ಪ್ರತಿಕಾಯ) ಕೂಡ ಹಾಕ್ಬೇಕು. ಸರ್ಕಾರಿ ಆಸ್ಪತ್ರೇಲಿ ವ್ಯಾಕ್ಸಿನ್ ಚರ್ಮದ ಪದರಕ್ಕೆ ಕೊಡೋದಾದ್ರೆ 0, 3, 7, 28ನೇ ದಿನ. ನಾಯಿ ಹತ್ತು ದಿನ ಆರೋಗ್ಯವಾಗಿ ಇದ್ಯಾ ಅಂತ ನೋಡೋದು ಹೌದು, ಆದ್ರೆ ನೋಡ್ಕೊಂಡು ಆಮೇಲೆ ಹಾಕಿಸ್ಕೊಳ್ಳೋಣ ಅಂತಲ್ಲ. ರೇಬಿಸ್ ಲಕ್ಷಣ ಶುರುವಾದ್ಮೇಲೆ ಉಳಿಸೋ ಔಷಧಿ ಇಲ್ಲ.

ಜೆರಾಕ್ಸ್_ಅಂಗಡಿ · 3 ಆಗಸ್ಟ್

ಹೋಗಿ ಬಂದೆ. ಸೀರಮ್ಮೂ ಹಾಕಿದ್ರು, ನಾಯಿ ಕಚ್ಚಿದ್ದಕ್ಕಿಂತ ಅದೇ ಜಾಸ್ತಿ ನೋವು. ಅಲ್ಲಿ ಕ್ಯೂನಲ್ಲಿ ಹದಿನಾಲ್ಕು ಜನ ಇದ್ರು, ಆರು ಮಕ್ಕಳು.

ತುಮಕೂರ್_ತಂದೆ · 13 ಆಗಸ್ಟ್

ಆ ಆರು ಮಕ್ಕಳ ಬಗ್ಗೆ ಒಂದ್ ಸಾಲಲ್ಲಿ ಮುಗಿಸ್ಬಿಟ್ರಿ ನೋಡಿ. ನನ್ನ ಮಗಳು ಯುಕೆಜಿ, ಟ್ಯೂಷನ್‌ಯಿಂದ ಬರೋವಾಗ ಮೂರು ನಾಯಿ ಬಿದ್ದು ತೊಡೆ ಸೀಳಿದ್ವು. ಒಂದೂವರೆ ವರ್ಷ ಆಯ್ತು, ಇವತ್ತಿಗೂ ನಾಯಿ ಬೊಗಳಿದ್ರೆ ರಾತ್ರಿ ಎದ್ದು ಕೂರ್ತಾಳೆ. ಮೊನ್ನೆ 11ನೇ ತಾರೀಕು ಸುಪ್ರೀಂ ಕೋರ್ಟ್ ದೆಹಲೀಲಿ ಎಲ್ಲಾ ಬೀದಿ ನಾಯಿಗಳನ್ನ ಎತ್ತಿ ಶೆಲ್ಟರಿಗೆ ಹಾಕಿ ಅಂದಿದೆ, ಸರಿಯಾಗೇ ಹೇಳಿದೆ. ನೀವು ಒಳ್ಳೇವ್ರೇ, ಕೊಟ್ಟಿಗೇಲಿ ಇಟ್ಕೊಂಡಿದೀರ, ಬೇಡ ಅನ್ನಲ್ಲ. ವಾಸಿ ಆದ್ಮೇಲೆ ತಿರುಗಾ ರೋಡಿಗೆ ಬಿಡ್ತೀರಾ? ಅದನ್ನ ಹೇಳಿ.

ಜೆರಾಕ್ಸ್_ಅಂಗಡಿ · 13 ಆಗಸ್ಟ್

ಸರ್, ಮಗು ವಿಷಯ ಕೇಳಿ ಬೇಜಾರಾಯ್ತು. ಒಂದ್ ಸಾಲಲ್ಲಿ ಬರೆದಿದ್ದು ತಪ್ಪೇ. ಬಿಡ್ತೀನೋ ಇಲ್ವೋ ಇನ್ನೂ ಗೊತ್ತಿಲ್ಲ ನಂಗೆ, ಸುಳ್ಳು ಹೇಳಲ್ಲ.

ಆದ್ರೆ ಒಂದು ವಿಷಯ ಇವತ್ತೇ ಗೊತ್ತಾಯ್ತು, ಬೆಳಿಗ್ಗೆಯಿಂದ ತಲೆ ಕೆಟ್ಟೋಗಿದೆ. ಇದು ಬೀದೀಲಿ ಹುಟ್ಟಿ ಬೀದೀಲಿ ಬೆಳ್ದಿದ್ದಲ್ಲ. ಹೋದ ದೀಪಾವಳಿ ಟೈಮಲ್ಲಿ ಎದುರು ಲೈನಲ್ಲಿ ಒಂದು ಮನೆ ಕಟ್ತಿದ್ರು, ಸಿಮೆಂಟ್ ಕಬ್ಬಿಣ ಕಳ್ತನ ಆಗ್ಬಾರ್ದು ಅಂತ ಓನರ್ರು ಎಲ್ಲಿಂದ್ಲೋ ಒಂದು ಕರೀ ಮರಿ ತಂದು ಕಂಬಕ್ಕೆ ಕಟ್ಟಾಕಿದ್ರಂತೆ, ಟೀ ಅಕ್ಕನೇ ದಿನಾ ಬಿಸ್ಕೆಟ್ ಹಾಕ್ತಿದ್ರಂತೆ ಆಗ, ಬಲಗಾಲಲ್ಲಿ ಒಂದು ಬೆರಳು ಮಾತ್ರ ಬಿಳಿ. ಮಾಘದಲ್ಲಿ ಗೃಹಪ್ರವೇಶ ಆಯ್ತು, ಗ್ರಾನೈಟ್ ಹಾಕಿದ್ರು, ಕಾಂಪೌಂಡ್ ಗೇಟ್ ಬಂತು, ನಾಯಿ ಹೊರಗೆ. ಹಗ್ಗ ಬಿಚ್ಚೋ ಅಷ್ಟೂ ಪುರುಸೊತ್ತಿಲ್ಲ, ಕಂಬದ ಕಡೆ ತುದಿ ಕೊಯ್ದಿದಾರೆ ಅಷ್ಟೇ. ಇವತ್ತು ಡ್ರೆಸಿಂಗ್ ಮಾಡ್ವಾಗ ಕಾಲು ನೋಡ್ದೆ. ಒಂದು ಬೆರಳು ಬಿಳಿ.

ನಮ್ಮ ಲೇಔಟಲ್ಲೇ ಹಿಂಗೆ ಬಿಟ್ಟೋದ ಸೈಟ್ ನಾಯಿ ನಾಲ್ಕೈದಿವೆ. ಅವೇ ಮರಿ ಹಾಕ್ತವೆ, ಆ ಮರಿಗಳೇ ಗುಂಪು ಕಟ್ಕೊಂಡು ಮಕ್ಕಳ ಮೇಲೆ ಬೀಳ್ತವೆ. ಎಲ್ರೂ ಬೀದಿ ನಾಯಿ ಅಂತಾರೆ.

ಕರಿಕೋಟು · 14 ಆಗಸ್ಟ್

ವಕೀಲನಾಗಿ ಒಂದು ಮಾತು. ಹಸಿವಲ್ಲಿ ನರಳೋ ಹಂಗೆ ಪ್ರಾಣಿನ ಬಿಟ್ಟು ಹೋಗೋದು, ತೀರಾ ಗಿಡ್ಡ ಹಗ್ಗದಲ್ಲಿ ಸದಾ ಕಟ್ಟಿಡೋದು ಎರಡೂ ಪ್ರಾಣಿ ಹಿಂಸೆ ತಡೆ ಕಾಯ್ದೆ 1960, ಸೆಕ್ಷನ್ 11ರ ಕೆಳಗೆ ಅಪರಾಧ. ಖುಷಿ ಪಡ್ಬೇಡಿ, ಮೊದಲನೇ ಸಲಕ್ಕೆ ದಂಡ 10 ರೂಪಾಯಿಂದ 50 ರೂಪಾಯಿ. ಹೌದು, ಐವತ್ತೇ. ದಶಕಗಳಿಂದ ಅದೇ ಮೊತ್ತ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 325ರಲ್ಲಿ ಐದು ವರ್ಷದ ತನಕ ಶಿಕ್ಷೆ ಇದೆ, ಆದ್ರೆ ಅದು ಕೊಲ್ಲೋದು, ಅಂಗ ಊನ ಮಾಡೋದಕ್ಕೆ, ಬೇಕಂತಲೇ ಮಾಡಿದ್ರು ಅಂತ ತೋರಿಸ್ಬೇಕು. ನಿಮ್ಮ ಕೇಸಲ್ಲಿ ಸಾಕ್ಷಿ ಅಂದ್ರೆ ಒಂದು ಬಿಳೀ ಬೆರಳು.

ಜೆರಾಕ್ಸ್_ಅಂಗಡಿ · 14 ಆಗಸ್ಟ್

50 ರೂಪಾಯಿಗೆ ನಮ್ಮ ಅಂಗಡೀಲಿ 25 ಜೆರಾಕ್ಸ್ ಬರುತ್ತೆ. ಬೇಡ ಬಿಡಿ ಸರ್.

ಮದ್ದೂರ್_ವಡೆ · 14 ಆಗಸ್ಟ್

ಹೆಸ್ರಿಟ್ರಾ? ಇಲ್ಲಾಂದ್ರೆ ಕಾಳಿ ಅಂತ ಇಡಿ. ನಮ್ಮ ಮಂಡ್ಯ ಜಿಲ್ಲೆ ಆತಕೂರಲ್ಲಿ ನಾಯಿಗೆ ನಿಲ್ಸಿರೋ ಕಲ್ಲು ಇತ್ತು, 949-50ನೇ ಇಸವಿದು, ಈಗ ಬೆಂಗಳೂರು ಮ್ಯೂಸಿಯಂನಲ್ಲಿದೆ. ಗಂಗರ ಬೂತುಗನ ಕಡೆಯ ಮಣಲೆರ ಅನ್ನೋ ವೀರ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ್ದಕ್ಕೆ ಏನು ಬೇಕು ಕೇಳು ಅಂದ್ರೆ ಊರು ಕೇಳ್ಲಿಲ್ಲ, ಚಿನ್ನ ಕೇಳ್ಲಿಲ್ಲ, ಕಾಳಿ ಅನ್ನೋ ಬೇಟೆ ನಾಯಿನ ಕೇಳ್ದ. ಆಮೇಲೆ ಕಾಳಿ ದೊಡ್ಡ ಹಂದಿ ಜೊತೆ ಬಡಿದಾಡಿ ಹಂದಿನೂ ಸತ್ತು ಅದೂ ಸತ್ತಾಗ ದೇವಸ್ಥಾನದ ಮುಂದೆ ಕಲ್ಲು ನೆಟ್ಟು ಅದರ ಹೆಸರಲ್ಲಿ ಭೂಮಿ ಬಿಟ್ಟಿದಾರೆ. ಕಲ್ಲಲ್ಲಿ ನಾಯಿ ಹಂದಿ ಎರಡೂ ಕೆತ್ತಿದಾರೆ, ನಾಯಿ ಹಂದಿನ ಕಚ್ಚಿ ಹಿಡ್ಕೊಂಡಿರೋ ಹಂಗೆ.

ಸಾವಿರ ವರ್ಷದ ಹಿಂದೆ ಹಂಗೆ, ಈಗ ಸಿಮೆಂಟ್ ಮೂಟೆ ಕಾಯೋಕೆ ಹಿಂಗೆ.

ಜೆರಾಕ್ಸ್_ಅಂಗಡಿ · 17 ಆಗಸ್ಟ್

ಕಾಳಿ ಅಂತಲೇ ಇಟ್ವಿ ಸರ್. ಅಮ್ಮ ಮಾತ್ರ "ಅದು" ಅಂತಾರೆ.

ಗಾಯ ಕೆಂಪಗೆ ತುಂಬ್ಕೊಂಡು ಬರ್ತಿದೆ, ಅಂಚಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ಆದ್ರೆ ನಾಲ್ಕು ದಿನದಿಂದ ಮಂಕು, ಮೊಟ್ಟೆನೂ ಮೂಸಿ ಬಿಡುತ್ತೆ, ವಸಡು ಬೆಳ್ಳಗೆ. ರಕ್ತ ಪರೀಕ್ಷೆ ಮಾಡ್ಸಿದ್ರೆ ಪ್ಲೇಟ್‌ಲೆಟ್ ತುಂಬಾ ಕಮ್ಮಿ, ಉಣ್ಣಿ ಕಚ್ಚಿ ಬರೋ ಜ್ವರ ಅಂತೆ, ಎರ್ಲಿಕಿಯಾ. ಡಾಕ್ಸಿಸೈಕ್ಲಿನ್ 28 ದಿನ. ಮಾತ್ರೆ ನುಂಗ್ತಾನೇ ಇರ್ಲಿಲ್ಲ, ಈಗ ಪುಡಿ ಮಾಡಿ ಮೊಸರನ್ನಕ್ಕೆ ಕಲಸಿ ಕೊಡ್ತಿದೀನಿ, ಪೂರ್ತಿ ನೆಕ್ಕುತ್ತೆ.

ಹಸು_ಕುರಿ_ನಾಯಿ · 17 ಆಗಸ್ಟ್

ಅಯ್ಯೋ ಮೊಸರನ್ನ ನಿಲ್ಸಿ ಅಣ್ಣ! ಹಾಲು ಮೊಸರಿನ ಕ್ಯಾಲ್ಸಿಯಂ ಆ ಔಷಧಿನ ಹಿಡ್ಕೊಳ್ಳುತ್ತೆ, ಮೈಗೆ ಸೇರೋದು ಕಮ್ಮಿ ಆಗುತ್ತೆ. ಕೋಳಿ ಲಿವರ್ ಬೇಯಿಸಿ ಅದರೊಳಗೆ ಮಾತ್ರೆ ತುರುಕಿ ಕೊಡಿ, ಹಿಂದೇನೇ ನೀರು ಅಥವಾ ತೆಳು ಗಂಜಿ ಕುಡಿಸಿ, ಗಂಟಲಲ್ಲಿ ಅಂಟ್ಕೊಂಡ್ರೆ ಹುಣ್ಣಾಗುತ್ತೆ. ನಾಲ್ಕನೇ ದಿನಕ್ಕೆ ಎದ್ದು ಓಡಾಡುತ್ತೆ ನೋಡಿ, ಆಗ ವಾಸಿ ಆಯ್ತು ಅಂತ ನಿಲ್ಸ್ಬೇಡಿ. 28 ಅಂದ್ರೆ 28. ಜ್ವರ ಅಂತ ಮನೇಲಿರೋ ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಕೊಡೋದು ಬೇಡವೇ ಬೇಡ.

ಕುಡ್ಲದ_ಮೀನು · 18 ಆಗಸ್ಟ್

ಮಾರಾಯ್ರೆ ನೀವು ಮುಟ್ಟಿ ಮುಟ್ಟಿ ಡ್ರೆಸಿಂಗ್ ಮಾಡ್ತೀರಲ್ಲ, ನಿಮಗೆ ತುರಿಕೆ ಬಂದಿಲ್ವಾ? ನನಗೆ ಒಮ್ಮೆ ಕಜ್ಜಿ ನಾಯಿ ಎತ್ಕೊಂಡು ಹೊಟ್ಟೆ ಕೈ ಎಲ್ಲ ಗುಳ್ಳೆ ಎದ್ದು ಎರಡು ವಾರ ನಿದ್ರೆ ಇಲ್ಲ. ಡಾಕ್ಟ್ರು ಹೇಳಿದ್ರು ನಾಯಿಯ ಹುಳ ನಮ್ಮ ಮೈಯಲ್ಲಿ ಸಂತಾನ ಮಾಡುದಿಲ್ಲ, ನಾಯಿಗೆ ಗುಣ ಆದ್ರೆ ನಿಮಗೂ ತನ್ನಿಂತಾನೇ ಹೋಗ್ತದೆ ಅಂತ. ಹಾಗೇ ಆಯ್ತು. ಗ್ಲೌಸ್ ಹಾಕಿ, ಗೋಣಿ ಬಿಸಿನೀರಲ್ಲಿ ಹಾಕಿ ಒಗೀರಿ. ಮಳೆಗಾಲ ಬೇರೆ, ಕೊಟ್ಟಿಗೆಯಲ್ಲಿ ಇಲಿ ಉಂಟಾ? ಇಲಿಜ್ವರದ ಲಸಿಕೆ ನಾಯಿಗೆ ಹಾಕಿಸ್ಲಿಕ್ಕೆ ಮರೀಬೇಡಿ. ಗುಣ ಆದ ಕೂಡ್ಲೆ ಆಪರೇಷನ್ನೂ ಮಾಡಿಸಿ, ಇಲ್ಲದಿದ್ರೆ ನಿಮ್ಮ ಕೊಟ್ಟಿಗೆಯಲ್ಲಿ ಆರು ಮರಿ ಉಂಟು ಅಂತಲೇ ಲೆಕ್ಕ.

ಸಿಲ್ಕ್‌ಬೋರ್ಡ್_ಸಂತ್ರಸ್ತ · 23 ಆಗಸ್ಟ್

ತುಮಕೂರಿನವ್ರಿಗೆ, ನಿನ್ನೆ ಸುಪ್ರೀಂ ಕೋರ್ಟಿನ ಮೂರು ಜಡ್ಜ್ ಪೀಠ ದೆಹಲಿ ನಾಯಿಗಳ ಆ ಆದೇಶ ಬದಲಾಯಿಸ್ತು. ಆಪರೇಷನ್, ಲಸಿಕೆ ಮಾಡಿ ಹಿಡ್ದ ಜಾಗಕ್ಕೇ ಬಿಡ್ಬೇಕು, ರೇಬಿಸ್ ಇರೋವು ಮತ್ತೆ ಕಚ್ಚೋ ಸ್ವಭಾವದವು ಬಿಟ್ಟು. ಕಂಡ ಕಂಡಲ್ಲಿ ಅನ್ನ ಹಾಕೋ ಹಂಗಿಲ್ಲ, ಗೊತ್ತು ಮಾಡಿದ ಜಾಗದಲ್ಲೇ. ಬೆಂಗಳೂರಲ್ಲಿ 2019ರ ಎಣಿಕೇಲಿ ಸುಮಾರು 3.10 ಲಕ್ಷ ಇದ್ದಿದ್ದು 2023ಕ್ಕೆ 2.79 ಲಕ್ಷ ಆಯ್ತು. ಇಳಿದಿದೆ, ಆದ್ರೆ ನಿಮ್ಮ ಮಗಳ ಬೀದೀಲಿ ಇಳಿದಿದ್ಯಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ನನ್ ಹತ್ರ ಉತ್ತರ ಇಲ್ಲ.

ತುಮಕೂರ್_ತಂದೆ · 23 ಆಗಸ್ಟ್

ಓದ್ದೆ. ನಂಗೆ ಸಮಾಧಾನ ಇಲ್ಲ, ಆದ್ರೂ ಜೆರಾಕ್ಸ್ ಅಣ್ಣ ಹೇಳಿದ ಸೈಟ್ ನಾಯಿ ವಿಷಯ ನಿಜ. ನಮ್ಮ ಕ್ರಾಸಲ್ಲೂ ಹಂಗೇ ಶುರುವಾಗಿದ್ದು. ಕಾಳಿ ಪ್ಲೇಟ್‌ಲೆಟ್ ಏನಾಯ್ತು?

ಜೆರಾಕ್ಸ್_ಅಂಗಡಿ · 24 ಆಗಸ್ಟ್

ಏರಿದೆ ಸರ್. ನಿನ್ನೆ ಅಮ್ಮನ ಚಪ್ಪಲಿ ಕಚ್ಚಿದಾಳೆ, ಅಂದ್ರೆ ಹುಷಾರಾಗಿದಾಳೆ. ಚಪ್ಪಲಿ ಹೊಸದು, ಹಬ್ಬಕ್ಕೆ ಅಂತ ತಂದಿದ್ದು.

ಮ್ಯೂನಿಕ್_ಮುದ್ದೆ · 25 ಆಗಸ್ಟ್

ಇಲ್ಲಿ ಜರ್ಮನೀಲಿ ನಾಯಿ ಸಾಕಿದ್ರೆ ಊರಿನ ಆಫೀಸಿಗೆ ವರ್ಷಕ್ಕಿಷ್ಟು ಅಂತ ತೆರಿಗೆ ಕಟ್ಬೇಕು. ಬೀದೀಲಿ ಒಂದು ನಾಯಿ ಕಾಣಲ್ಲ. ಸಂಜೆ ವಾಕಿಂಗ್ ಹೋದಾಗ ಯಾವ್ದಾದ್ರೂ ಬಾಲ ಅಲ್ಲಾಡ್ಸ್ಕೊಂಡು ಹಿಂದೆ ಬರ್ಲಿ ಅಂತ ಆಸೆ ಆಗುತ್ತೆ, ನಿಜ ಹೇಳ್ತಿದೀನಿ. ಖರ್ಚು ಎಷ್ಟಾಯ್ತು ಹೇಳಿ, ಮುಚ್ಚುಮರೆ ಬೇಡ.

ಜೆರಾಕ್ಸ್_ಅಂಗಡಿ · 26 ಆಗಸ್ಟ್

ಬೇಡ ಸರ್ ದುಡ್ಡು ಕೇಳೋಕೆ ಬರೆದಿದ್ದಲ್ಲ. ಆದ್ರೆ ಮುಂದೆ ಯಾರಾದ್ರೂ ಎತ್ಕೊಳ್ಳೋರಿಗೆ ಗೊತ್ತಿರ್ಲಿ ಅಂತ ಹೇಳ್ತೀನಿ, ಇಲ್ಲಿತನಕ ಹನ್ನೊಂದೂವರೆ ಸಾವಿರದ ಹತ್ರ. ಹಗ್ಗ ತೆಗೆದ ದಿನಕ್ಕಿಂತ ಜಾಸ್ತಿ ರಕ್ತ ಪರೀಕ್ಷೆ ಮತ್ತೆ ಕಜ್ಜಿ ಮಾತ್ರೆಗೇ ಹೋಗಿರೋದು, ಹತ್ತಿ ಬಟ್ಟೆ ಸಲೈನ್ ಲೆಕ್ಕ ಇಟ್ಟಿಲ್ಲ. ತರಕಾರಿ ಹುಡುಗ ಆಟೋ ಬಾಡಿಗೆ ತಗೊಳ್ಲಿಲ್ಲ, ಕೋಳಿ ಅಂಗಡಿಯವನು ಕಾಲು ಕತ್ತು ಪುಕ್ಕಟೆ ಕೊಡ್ತಾನೆ. ಅಂಗಡಿ ದುಡಿಮೆ ನೋಡಿದ್ರೆ ಇದು ದೊಡ್ಡ ಮೊತ್ತನೇ. ಹೆಂಡ್ತಿಗೆ ಎಂಟು ಅಂತ ಹೇಳಿದೀನಿ.

ಜೆರಾಕ್ಸ್_ಅಂಗಡಿ · 28 ಸೆಪ್ಟೆಂಬರ್

ತಿಂಗಳಾಯ್ತು ಬರೆದು. ಕೂದಲು ಬಂದಿದೆ!! ಮೊದ್ಲು ಬೆನ್ನ ಮೇಲೆ ವೆಲ್ವೆಟ್ ಥರ, ಆಮೇಲೆ ಪಕ್ಕೆಗೆ. ಕುತ್ತಿಗೆ ಸುತ್ತ ಮಾತ್ರ ಒಂದು ಬೆರಳಗಲ ಬರಲ್ವಂತೆ, ಅಲ್ಲಿ ಕೂದಲಿನ ಬೇರೇ ಹಾಳಾಗಿದೆ. ತೂಕ 13. ಇವತ್ತು ರೇಬಿಸ್ ದಿನ ಅಂತ ಉಚಿತ ಲಸಿಕೆ ಹಾಕ್ತಿದ್ರು, ಹಾಕಿಸ್ದೆ.

ಮೈ ವಾಸಿ ಆಯ್ತು, ತಲೆ ಆಗಿಲ್ಲ. ಯಾವ್ದೇ ಉದ್ದಕ್ಕೆ ನೇತಾಡೋದು ಕಂಡ್ರೆ ಅಲ್ಲೇ ಕುಕ್ಕರಿಸಿ ಉಚ್ಚೆ ಹೊಯ್ಕೊಳ್ತಾಳೆ. ಮೊನ್ನೆ ಕಾಲೇಜ್ ಹುಡುಗ ಐಡಿ ಕಾರ್ಡ್ ಟ್ಯಾಗನ್ನ ಬೆರಳಲ್ಲಿ ತಿರುಗಿಸ್ತಾ ಅಂಗಡಿ ಒಳಗೆ ಬಂದ, ಇವಳು ಜೆರಾಕ್ಸ್ ಮಿಷಿನ್ ಹಿಂದೆ ನುಗ್ಗಿ ವೈರೆಲ್ಲ ಕಿತ್ತು ಎರಡು ಗಂಟೆ ಹೊರಗೆ ಬರ್ಲಿಲ್ಲ. ಮೊಬೈಲ್ ಚಾರ್ಜರ್, ಬಟ್ಟೆ ಒಣಗಿಸೋ ಹಗ್ಗ, ಅಮ್ಮ ಹೂ ಕಟ್ಟೋ ದಾರ ಕೂಡ. ಬೆಲ್ಟ್ ಹಾಕೋ ಮಾತೇ ಇಲ್ಲ. ಹಂಗಂತ ಆಪರೇಷನ್‌ಗೆ, ಲಸಿಕೆಗೆ ಪ್ರತೀ ಸಲ ಕಂಬಳಿ ಸುತ್ತಿ ಎತ್ಕೊಂಡು ಹೋಗೋಕಾಗುತ್ತಾ?

ಹುಬ್ಬಳ್ಳಿ_ಅವ್ವ · 29 ಸೆಪ್ಟೆಂಬರ್

ಕುತ್ತಿಗಿ ಬಿಟ್ಟುಬಿಡ್ರಿ ತಮ್ಮಾ. ಎದಿ ಬೆಲ್ಟ್ ಬರ್ತೈತಿ, ಅಗಲದ್ದು ತರ್ರಿ. ತಂದ ದಿನಾನ ಹಾಕಬ್ಯಾಡ್ರಿ. ಅದರ ಅನ್ನದ ತಾಟಿನ ಕೆಳಗ ಹಾಸ್ರಿ, ಒಂದ್ ವಾರ ಅದರ ಮ್ಯಾಲಿಂದನ ಉಣ್ಲಿ. ಆಮ್ಯಾಲ ಬೆನ್ನ ಮ್ಯಾಲ ಸುಮ್ಕ ಇಟ್ಟು ತೆಗೀರಿ, ಇಟ್ಟಾಗೊಮ್ಮೆ ಒಂದ್ ಲಿವರ್ ತುಣುಕು. ಬಕ್ಕಲ್ ಹಾಕೂದು ಕಡೀಕ. ನನ್ನ ಲಕ್ಷ್ಮಿಗೆ ಎರಡೂವರಿ ತಿಂಗಳ ಹಿಡೀತು. ಆ ಬಕ್ಕಲ್ "ಟಕ್" ಅನ್ನೂ ಸಪ್ಪಳಾನೂ ಮೊದಲ ದೂರದಿಂದ ಕೇಳಸ್ರಿ ಮತ್ತ, ಅದಕ್ಕೂ ಅಂಜ್ತಾವ.

ಜೆರಾಕ್ಸ್_ಅಂಗಡಿ · 22 ಅಕ್ಟೋಬರ್

ಹಾಸನಾಂಬ ದರ್ಶನದ ಜನ, ಅಂಗಡೀಲಿ ಉಸಿರಾಡೋಕೂ ಟೈಮಿಲ್ಲ, ಅದಕ್ಕೆ ಬರೀಲಿಲ್ಲ. ಮೊನ್ನೆ ಚತುರ್ದಶಿ ಹಿಂದಿನ ರಾತ್ರಿ ಪಟಾಕಿಗೆ ಕಾಳಿ ಕಾಣೆ. ಕೊಟ್ಟಿಗೆ ಬಾಗಿಲ ಕೆಳಗಿನ ಹಲಗೆ ಕಿತ್ತಿದಾಳೆ. ರಾತ್ರಿ ಒಂದು ಗಂಟೆ ತನಕ ಟಾರ್ಚ್ ಹಿಡ್ಕೊಂಡು ಲೇಔಟೆಲ್ಲ ಸುತ್ತಿದೆ, ತರಕಾರಿ ಹುಡುಗ ಬೈಪಾಸ್ ಕಡೆ ಹೋದ. ಇಲ್ಲ. ಬಂದು ಮಲಗ್ದೆ, ನಿದ್ದೆ ಎಲ್ಲಿ ಬರುತ್ತೆ.

ಬೆಳಗಿನ ಜಾವ ನಾಲ್ಕೂವರೆಗೆ ಅಮ್ಮ ಎಣ್ಣೆ ಸ್ನಾನಕ್ಕೆ ಹಂಡೆ ಒಲೆ ಹಚ್ಚೋಕೆ ಬಚ್ಚಲಿಗೆ ಹೋದ್ರು. ಅಲ್ಲಿಂದ್ಲೇ ಕೂಗಿದ್ರು, "ಎದ್ದು ಬಾರೋ, ನಿನ್ನ ನಾಯಿ ಒಲೆ ಒಳಗಿದೆ, ಎಬ್ಬಿಸು, ನೀರು ಕಾಯ್ಬೇಕು." ಹೋಗಿ ನೋಡಿದ್ರೆ ತಣ್ಣಗಾದ ಬೂದಿಲಿ ಸುತ್ಕೊಂಡು ಮೂತಿ ಒಳಗೆ ಹಾಕಿ ಮಲಗಿದಾಳೆ, ಕರೀ ನಾಯಿ ಬಿಳೀ ಆಗಿದೆ. ಅಮ್ಮ ನನ್ನ ಕರೆಯೋಕೆ ಮುಂಚೆ ಸ್ವಲ್ಪ ಹೊತ್ತು ನಿಂತಿದ್ರು ಅನ್ಸುತ್ತೆ, ಯಾಕಂದ್ರೆ ಕೈಲಿದ್ದ ಬೆಂಕಿಕಡ್ಡಿ ಗೀರಿ ಆರಿಸಿದ್ದು ಎರಡು ಕೆಳಗೆ ಬಿದ್ದಿತ್ತು.

ಬಚ್ಚಲು ಹೊಸ್ತಿಲ ಒಳಗಾ ಹೊರಗಾ ಅಂತ ನಾನು ಕೇಳಕ್ಕೆ ಹೋಗಿಲ್ಲ.

ಕುಡ್ಲದ_ಮೀನು · 22 ಅಕ್ಟೋಬರ್

ಕೇಳ್ಬೇಡಿ ಮಾರಾಯ್ರೆ, ಹಾಗೇ ಇರ್ಲಿ 😄 ಆಪರೇಷನ್?

ಜೆರಾಕ್ಸ್_ಅಂಗಡಿ · 9 ನವೆಂಬರ್

ಆಪರೇಷನ್ ಆಯ್ತು 4ನೇ ತಾರೀಕು, ಹೊಲಿಗೆ ಒಣಗ್ತಿದೆ. ಎದೆ ಬೆಲ್ಟಲ್ಲೇ ನಡ್ಕೊಂಡು ಹೋದ್ವಿ ಅವ್ವಾರೆ! ಐದು ವಾರ ಹಿಡೀತು. ತಟ್ಟೆ ಕೆಳಗೆ ಹಾಸಿದ್ರಿಂದ ಬೆಲ್ಟ್ ತುಂಬಾ ಸಾರಿನ ವಾಸನೆ, ಅದಕ್ಕೇ ಇಷ್ಟ ಇರ್ಬೇಕು.

7ನೇ ತಾರೀಕು ಸುಪ್ರೀಂ ಕೋರ್ಟ್ ಸ್ಕೂಲು ಆಸ್ಪತ್ರೆ ಬಸ್‌ಸ್ಟ್ಯಾಂಡ್ ಆವರಣದ ನಾಯಿಗಳನ್ನ ಹಿಡಿದ್ರೆ ತಿರುಗಾ ಅಲ್ಲಿಗೇ ಬಿಡ್ಬಾರ್ದು ಅಂದಿದೆ. ನಮ್ಮ ಅಂಗಡಿಯಿಂದ ನೂರು ಮೀಟರ್‌ಗೆ ಸ್ಕೂಲು. ತುಮಕೂರ್ ಸರ್, ನೀವು ಆವತ್ತು ಕೇಳಿದ್ದಕ್ಕೆ ಈಗ ಉತ್ತರ: ಬಿಡಲ್ಲ. ಹೆಂಡ್ತಿ ಹೆಸರಲ್ಲಿ ಲಸಿಕೆ ಕಾರ್ಡ್ ಮಾಡಿಸಿದೀನಿ.

ಜೆರಾಕ್ಸ್_ಅಂಗಡಿ · 23 ನವೆಂಬರ್

ಇದೊಂದು ಹೇಳ್ಬೇಕು ನಿಮಗೆಲ್ಲ.

ನಿನ್ನೆ ಮಧ್ಯಾಹ್ನ ಒಬ್ರು ಕಂದಾಯದ ರಸೀದಿ ಜೆರಾಕ್ಸಿಗೆ ಬಂದ್ರು, ಐವತ್ತರ ಹತ್ರ ವಯಸ್ಸು, ಬಿಳೀ ಶರ್ಟು. ಕಾಳಿ ಕೌಂಟರ್ ಕೆಳಗೆ ಮಲಗಿದ್ಲು. ಗಂಡಸ್ರು ಯಾರು ಬಂದ್ರೂ ಮಿಷಿನ್ ಹಿಂದೆ ಹೋಗೋಳು, ನಿನ್ನೆ ದನಿ ಕೇಳಿದ್ದೇ ತಡ ಕಿವಿ ನೆಟ್ಟಗೆ ಮಾಡಿ ಎದ್ದು ಹೊರಗೆ ಹೋದ್ಲು. ಬಾಲ ಮಾತ್ರ ಅಲ್ಲ, ಸೊಂಟದಿಂದ ಹಿಂದಕ್ಕೆಲ್ಲ ಅಲ್ಲಾಡ್ತಿದೆ. ಅವ್ರ ಪ್ಯಾಂಟಿಗೆ ಮೂತಿ ಉಜ್ತಾಳೆ, ನೆಲದ ಮೇಲೆ ಉರುಳಿ ಹೊಟ್ಟೆ ತೋರ್ಸ್ತಾಳೆ, ಕುಂಯ್ ಕುಂಯ್ ಅಂತ ಮರಿ ಥರ ದನಿ. ನಾಲ್ಕು ತಿಂಗಳಲ್ಲಿ ನಂಗೆ ಒಂದ್ಸಲನೂ ಹಂಗೆ ಮಾಡಿಲ್ಲ. ಪಕ್ಕದಲ್ಲಿ ಟೀ ಅಕ್ಕ ಲೋಟ ತೊಳೀತಿದ್ದೋರು ಕೈ ನಿಲ್ಸಿ ನನ್ನ ಕಡೆ ನೋಡಿ ಕಣ್ಣಲ್ಲೇ ಹೌದು ಅಂದ್ರು. ಎದುರು ಲೈನಿನ ಗ್ರಾನೈಟ್ ಮನೆಯವ್ರು.

ಅವ್ರು ಪ್ಯಾಂಟ್ ಕೊಡವ್ಕೊಂಡು, "ಯಾರ್ದ್ರೀ ಈ ನಾಯಿ, ಚೆನ್ನಾಗಿ ಸಾಕಿದೀರ, ಯಾವ್ ತಳಿ?" ಅಂದ್ರು.

ನಮ್ದು ಅಂದೆ. ಏನೇನೋ ಹೇಳ್ಬೇಕು ಅಂತ ಆಗಸ್ಟಿಂದ ಮನಸ್ಸಲ್ಲಿ ಸಾಲು ಸಾಲು ಜೋಡಿಸಿಟ್ಟಿದ್ದೆ, ಹಗ್ಗದ ಉಂಗುರ ಡ್ರಾಯರಲ್ಲೇ ಇದೆ ಕವರಲ್ಲಿ, ತೆಗೀಲಿಲ್ಲ. ಅವಳು ಅಷ್ಟು ಖುಷೀಲಿದ್ಲು. ನಾಲ್ಕು ಕಾಪಿ, ಎಂಟು ರೂಪಾಯಿ ತಗೊಂಡೆ. ಅವ್ರು ಗೇಟಿನ ತನಕ ಹೋಗೋದನ್ನ ನೋಡ್ತಾ ನಿಂತಿದ್ಲು ಅವಳು, ರಸ್ತೆ ದಾಟ್ಲಿಲ್ಲ. ಆಮೇಲೆ ವಾಪಸ್ ಬಂದು ಕೌಂಟರ್ ಕೆಳಗೆ ಮಲಗಿದ್ಲು.

ತುಮಕೂರ್_ತಂದೆ · 23 ನವೆಂಬರ್

ಮಗಳಿಗೆ ಓದಿ ಹೇಳ್ದೆ. ಫೋಟೋ ಕೇಳ್ತಿದಾಳೆ. ಹಲ್ಲು ಕಾಣದೇ ಇರೋದು ಹಾಕಿ.

ಜೆರಾಕ್ಸ್_ಅಂಗಡಿ · 23 ನವೆಂಬರ್

ಮಲಗಿರೋದು ಹಾಕ್ತೀನಿ ಸರ್. ಬಿಳೀ ಬೆರಳು ಕಾಣೋ ಥರ.